ಒಂಬತ್ತು ಕುಂಡ, ನಾಲ್ಕು ದಿನ

ನಮ್ಮ ಮನೆಯ ಮುಂದೆ, ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಒಂಬತ್ತು ಕುಂಡಗಳಿವೆ. ಎಲ್ಲದರಲ್ಲೂ ಒಂದೇ ಗಿಡ, ಯುಫೋರ್ಬಿಯಾ. ಹೆಬ್ಬೆರಳು ದಪ್ಪದ ಕಾಂಡ, ಮೈತುಂಬ ಮುಳ್ಳು, ತುದಿಯಲ್ಲಿ ಮಾತ್ರ ಎಲೆ, ಆ ಎಲೆಗಳ ನಡುವಿನಿಂದ ಗೊಂಚಲು ಹೂ. ಏಳರಲ್ಲಿ ಗುಲಾಬಿ, ಒಂದರಲ್ಲಿ ಕಡುಗೆಂಪು, ಇನ್ನೊಂದರಲ್ಲಿ ಹಸಿರಂಚಿನ ಕೆನೆಬಣ್ಣ.

ಮೊದಲ ಕಡ್ಡಿ ಕೊಟ್ಟವರು ಸಕಲೇಶಪುರದಲ್ಲಿ ನಾನು ಓದಿದ ಕಾನ್ವೆಂಟಿನ ಸಿಸ್ಟರ್. ಮದುವೆಯಾದ ವರ್ಷ ನೋಡಲು ಹೋದಾಗ, ಹಳೆಯ ಉತ್ತರ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕೈಗಿಟ್ಟು, "ಹೋದ ಕೂಡಲೇ ನೆಡಬೇಡ ಮಗು. ಮುರಿದಲ್ಲಿ ಹಾಲು ಒಣಗಬೇಕು. ನಾಲ್ಕು ದಿನ ನೆರಳಲ್ಲಿ ಇಡು. ಆತುರ ಮಾಡಿದರೆ ಕೊಳೀತದೆ" ಎಂದಿದ್ದರು. ಇನ್ನೊಂದು ಮಾತೂ ಹೇಳಿದ್ದರು: "ಕುಂಡ ದೊಡ್ಡದು ಬೇಡ. ಬೇರಿಗೆ ಸ್ವಲ್ಪ ಇಕ್ಕಟ್ಟಾದರೇ ಇದಕ್ಕೆ ಹೂ ಜಾಸ್ತಿ." ಮೊದಲ ಗೊಂಚಲು ಬಿಟ್ಟಾಗ ಇದನ್ನು ನನ್ನ ಗಂಡನಿಗೆ ಹೇಳಿದೆ. "ನೋಡು ಮಾರಾಯ್ತಿ, ನಿಂಗೇ ಹೇಳಿದಂಗೈತೆ" ಎಂದು ಅವರು ನಕ್ಕರು. ನಾನೂ ನಕ್ಕಿದ್ದೆ.

ಅತ್ತೆಗೆ ಆ ಗಿಡ ಹಿಡಿಸಲಿಲ್ಲ. "ಮನೆ ಮುಂದೆ ಕಳ್ಳಿ ಇಡ್ತಾರೇನವ್ವಾ?"

"ಇದು ಕಳ್ಳಿ ಅಲ್ಲ ಅತ್ತೆ, ಯುಫೋರ್ಬಿಯಾ."

"ಹೆಸ್ರು ಏನಾರ ಇರ್ಲಿ. ಮುರಿದ್ರೆ ಹಾಲು ಬರ್ತೈತೆ."

"ಹಲಸಿನಲ್ಲೂ ಬರುತ್ತಲ್ಲ."

ಆ ವಾದದಲ್ಲಿ ನಾನು ಗೆದ್ದೆ. ಆ ಮನೆಯಲ್ಲಿ ನಾನು ಗೆದ್ದ ವಾದಗಳು ಹೆಚ್ಚಿಲ್ಲವಾದ್ದರಿಂದ ಇದು ಚೆನ್ನಾಗಿ ನೆನಪಿದೆ. ಯಾರೇ ಕಳ್ಳಿ ಎಂದರೂ ತಿದ್ದುತ್ತಿದ್ದೆ. ವರ್ಷಗಳು ಕಳೆದ ಮೇಲೆ ಲೈನಿನಲ್ಲಿ, ಅಂದರೆ ತೋಟದ ಸಾಲುಮನೆಗಳಲ್ಲಿ, ಇರುವ ಆಳುಗಳೂ 'ಯುಪೋರ್ಬಿ' ಎನ್ನತೊಡಗಿದರು. ನನಗೆ ಒಳಗೊಳಗೇ ಹೆಮ್ಮೆ.

ಗಿಡದ ಕೆಲಸ ಹೆಚ್ಚೇನೂ ಇಲ್ಲ. ತೂತಿನ ಮೇಲೆ ಒಡೆದ ಹೆಂಚಿನ ಚೂರು, ಅದರ ಮೇಲೆ ಮರಳು, ಕೆಂಪು ಮಣ್ಣು, ಕೊಳೆತ ಕಾಫಿ ಸಿಪ್ಪೆ. ಬೆರಳು ಎರಡು ಗೆಣ್ಣಿನಷ್ಟು ಒಳಗಿಳಿಸಿ, ಒಣಗಿದ್ದರೆ ಮಾತ್ರ ನೀರು. ಮಳೆಗಾಲದಲ್ಲಿ ನೀರೇ ಇಲ್ಲ. ಎಲ್ಲವನ್ನೂ ಸೂರಿನ ಕೆಳಗೆ ಎಳೆದಿಡಬೇಕು. ವಾರಕ್ಕೊಮ್ಮೆ ಕುಂಡಗಳನ್ನು ಕಾಲು ಸುತ್ತು ತಿರುಗಿಸುತ್ತೇನೆ, ಬಿಸಿಲಿನ ಕಡೆಗೇ ವಾಲದಿರಲಿ ಎಂದು. ಹದಿನೈದು ವರ್ಷದಲ್ಲಿ ಈ ಕೆಲಸ ತಪ್ಪಿದ್ದು ಕಡಿಮೆ. ಏಕೆಂದರೆ ನಾನು ಮನೆ ಬಿಟ್ಟದ್ದೇ ಕಡಿಮೆ.

ನಮ್ಮ ಊರು ಆಲೂರಿಗೂ ಸಕಲೇಶಪುರಕ್ಕೂ ನಡುವೆ, ಬಸ್ಸು ನಿಲ್ಲುವ ಕ್ರಾಸಿನಿಂದ ಎರಡು ಕಿಲೋಮೀಟರ್ ಒಳಗೆ. ದಾರಿಯ ಎರಡೂ ಬದಿ ತೋಟ. ಬೆಳಿಗ್ಗೆ ಎದ್ದ ಕೂಡಲೇ ನಾವು ಫೋನಿನಲ್ಲಿ ನೋಡುವುದು ಆನೆ ಎಲ್ಲಿದೆ ಎಂದು. ಯಾರ ತೋಟದಲ್ಲಿ, ಎಷ್ಟು, ಮರಿ ಇದೆಯೇ. ಆನೆ ಸುಳ್ಳಲ್ಲ. ಕಣದ ಕೆಳಗಿನ ಬೇಲಿಯನ್ನು ಎರಡು ಸಲ ತುಳಿದು ಹೋಗಿವೆ. ಅವು ಬಿಟ್ಟುಹೋದ ಲದ್ದಿಯಲ್ಲಿ ಹಲಸಿನ ಬೀಜ ನೋಡಿದ್ದೇನೆ. ಸಕಲೇಶಪುರಕ್ಕೆ ಹೋಗಬೇಕು ಎಂದಾಗೆಲ್ಲ ನನ್ನ ಗಂಡ, "ಆನೆ ಐತೆ ಕಣೇ, ನಾಳೆ ನೋಡಣ" ಎನ್ನುತ್ತಿದ್ದರು. ಅದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಆದರೆ ಹಿಂಡು ಹೇಮಾವತಿ ದಾಟಿ ಹೋದ ದಿನಗಳಲ್ಲೂ 'ನಾಳೆ ನೋಡಣ' ಮಾತ್ರ ನಮ್ಮ ಮನೆಯಲ್ಲೇ ಉಳಿದುಬಿಡುತ್ತಿತ್ತು.

ಕಳೆದ ವರ್ಷ ಮೇ ಕೊನೆಯಲ್ಲಿ ಸಿಸ್ಟರ್ ಫೋನ್ ಮಾಡಿದರು. ಯುಕೆಜಿ ಟೀಚರ್ ಬಿಟ್ಟು ಹೋಗಿದ್ದಾರೆ, ಮಧ್ಯಾಹ್ನದವರೆಗಿನ ಕೆಲಸ. "ಒಂದು ವಾರ ಬಂದು ನೋಡು. ಅದರ ಮುಂದಿನ ಸೋಮವಾರ ನಂಗೆ ಹೇಳು, ಹೌದಾ ಅಲ್ವಾ ಅಂತ."

ಮಗಳು ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದಳು. ಇನ್ನು ಯಾವ ನೆಪವೂ ಇರಲಿಲ್ಲ, ಇದ್ದರೂ ಆ ಸಲ ನನಗೆ ಬೇಕಿರಲಿಲ್ಲ. ಹದಿನೈದು ವರ್ಷದಲ್ಲಿ ಇಷ್ಟು ಆಸೆಪಟ್ಟು ನಾನು ಏನನ್ನೂ ಕೇಳಿರಲಿಲ್ಲ.

"ಒಂದು ವಾರ ತಾನೆ, ನಾನೇ ಜೀಪಲ್ಲಿ ಬಿಟ್ಟು ಕರ್ಕಂಡು ಬರ್ತೀನಿ" ಎಂದರು ಗಂಡ.

"ಹೋಗವ್ವ. ಅನ್ನ ಬೇಯಿಸಕ್ಕೆ ನನ್ ಕೈ ಬಿದ್ದೋಗಿಲ್ಲ" ಎಂದರು ಅತ್ತೆ.

ಕುಂಡಗಳನ್ನು ಲೈನಿನಲ್ಲಿರುವ ಹಿರಿಯ ಹೆಂಗಸಿಗೆ ಒಪ್ಪಿಸಿದೆ. ನಾನು ಮದುವೆಯಾಗಿ ಬರುವ ಮೊದಲಿನಿಂದಲೂ ನಮ್ಮ ತೋಟದಲ್ಲಿ ದುಡಿಯುವಾಕೆ. ಮಳೆ ಬಂದರೆ ಸೂರಿನ ಕೆಳಗೆ ಎಳೆದಿಡಿ, ನೀರು ಹಾಕಬೇಡಿ ಎಂದೆ. "ಯೋಚ್ನೆ ಬಿಡಿ ಅಮ್ಮ. ಮಕ್ಳಂಗೆ ನೋಡ್ಕತೀನಿ" ಎಂದಳು.

ಸೋಮವಾರ ಕ್ಲಾಸಿಗೆ ಹೋದಾಗ ಬೆಂಚುಗಳು ನನ್ನ ನೆನಪಿಗಿಂತ ಬಹಳ ತಗ್ಗಾಗಿದ್ದವು. ಮಂಗಳವಾರದ ಹೊತ್ತಿಗೆ ಇಪ್ಪತ್ತೆರಡು ಹೆಸರುಗಳು ಬಾಯಿಗೆ ಬಂದವು. ಬುಧವಾರ ಒಂದು ಮಗು ನನ್ನ ಸೀರೆ ಹಿಡಿದುಕೊಂಡೇ ನಿದ್ದೆ ಹೋಯಿತು. ಅರ್ಧ ಗಂಟೆ ಅಲ್ಲಾಡದೆ ನಿಂತು ಮಗ್ಗಿ ಹೇಳಿಸಿದೆ. ಮನೆಗೆ ಬಂದು ಊಟಕ್ಕೆ ಕೂತಾಗ ಬೆರಳಿನಲ್ಲಿ ಸೀಮೆಸುಣ್ಣದ ವಾಸನೆ ಇನ್ನೂ ಇತ್ತು. ಸೋಪು ಹಾಕಿ ತೊಳೆದಿರಲಿಲ್ಲ, ಬೇಕೆಂದೇ.

ಗುರುವಾರ ಜೀಪು ಕಣದ ಬಳಿ ನಿಂತಾಗ, ಕುಂಡ ಒಪ್ಪಿಸಿದ್ದ ಆಕೆ ಜಗುಲಿಯಲ್ಲಿ ತಲೆ ಹಿಂದಕ್ಕೆ ಮಾಡಿ ಕೂತಿದ್ದಳು. ಅತ್ತೆ ಚೊಂಬಿನಿಂದ ಅವಳ ಬಲಗಣ್ಣಿಗೆ ನೀರು ಬಿಡುತ್ತಿದ್ದರು. ಕಣ್ಣು ಊದಿ ಮುಚ್ಚಿಹೋಗಿತ್ತು. ಕುಂಡಗಳ ಪಕ್ಕದಲ್ಲಿ ಎಳೆಯ ಚಿಗುರಿನ ಒಂದು ಗುಡ್ಡೆ, ತೋಟದಲ್ಲಿ ಹಾಕುವ ಹಾಗೇ ಒಪ್ಪವಾಗಿ. ಪ್ರತಿ ಚಿಗುರಿನ ಬುಡದಲ್ಲೂ ಬಿಳಿ ಹಾಲು ಹೆಪ್ಪುಗಟ್ಟಿತ್ತು.

"ಕಂಬಚಿಗುರು ಬೇಜಾನ್ ಬಂದಿದ್ವು ಕಣಮ್ಮ" ಎಂದಳು, ಕಣ್ಣು ಮುಚ್ಚಿಕೊಂಡೇ. "ಬಿಟ್ರೆ ಗಿಡದ ಸತ್ವ ಎಲ್ಲಾ ಎಳ್ಕಂಬುಡ್ತವೆ. ನೀವು ಇಸ್ಕೂಲಿಂದ ಬರೋದ್ರೊಳಗೆ ತೆಗ್ದಿಡಣ ಅಂತ. ಬೆವ್ರು ಒರೆಸ್ಕಂಡೆ, ಅಷ್ಟೆ."

ಕಾಫಿ ಗಿಡದ ಕಾಂಡದಿಂದ ನೆಟ್ಟಗೆ ಮೇಲೇಳುವ ಚಿಗುರೇ ಕಂಬಚಿಗುರು. ಅದನ್ನು ಉಳಿಸಿದರೆ ಗಿಡ ಸೊಪ್ಪಾಗುತ್ತದೆ, ಹಣ್ಣು ಕಡಿಮೆಯಾಗುತ್ತದೆ. ಮೇ, ಜೂನಿನಲ್ಲಿ ತೋಟದ ತುಂಬ ಅದನ್ನು ಮುರಿಯುವುದೇ ಕೆಲಸ. ಅದರಲ್ಲಿ ಆಕೆಯಷ್ಟು ಚುರುಕು ಕೈ ಇನ್ನೊಂದಿಲ್ಲ. ಯುಫೋರ್ಬಿಯಾದಲ್ಲಿ ಹೂ ಬಿಡುವುದು ಆ ಚಿಗುರಿನ ತುದಿಯಲ್ಲೇ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಹಾಲು ಕಣ್ಣಿಗೆ ಆಗಲ್ಲ ಅಂತ ಗೊತ್ತಿರಲಿಲ್ವಾ?" ಎಂದೆ.

"ಕಳ್ಳಿ ಆಗಿದ್ರೆ ನಾನ್ಯಾಕಮ್ಮ ಮುಟ್ತಿದ್ದೆ? ಇದು ಕಳ್ಳಿ ಅಲ್ಲ ಅಂತ ನೀವೇ ಅಂದಿದ್ರಲ್ಲ."

ಆಕೆ ದೂರುತ್ತಿರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದಳು. ಅತ್ತೆ ನನ್ನ ಮುಖವನ್ನು ಒಂದು ಸಲ ನೋಡಿ ಮತ್ತೆ ನೀರು ಬಿಡತೊಡಗಿದರು. ಅವರು ಒಂದು ಮಾತು ಬೈದಿದ್ದರೂ ಅಂದು ನನಗೆ ಆಧಾರವಾಗುತ್ತಿತ್ತು.

ಅದೇ ಜೀಪಿನಲ್ಲಿ ಸಕಲೇಶಪುರಕ್ಕೆ ಹಿಂದಿರುಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಕೂಡಲೇ ನೀರು ಬಿಟ್ಟಿದ್ದು ಒಳ್ಳೆಯದಾಯಿತು, ದೃಷ್ಟಿಗೆ ತೊಂದರೆಯಿಲ್ಲ ಎಂದರು. ಎರಡು ಗಂಟೆಗೊಮ್ಮೆ ಹಾಕಲು ಡ್ರಾಪ್ಸ್ ಕೊಟ್ಟರು. ಶುಕ್ರವಾರ ನಾನು ಸ್ಕೂಲಿಗೆ ಹೋಗಲಿಲ್ಲ. ಲೈನಿಗೂ ಮನೆಗೂ ನಡೆದಾಡುತ್ತ ಡ್ರಾಪ್ಸ್ ಹಾಕಿದೆ. ಭಾನುವಾರ ಬೆಳಿಗ್ಗೆ ಆಕೆ ಕಣ್ಣು ಪೂರ್ತಿ ಬಿಟ್ಟು ನನ್ನನ್ನು ನೋಡಿ, "ನಿನ್ನೆ ಇಬ್ರು ಅಮ್ಮಾವ್ರು ಇದ್ರಿ, ಇವತ್ತು ಒಬ್ರಾಗೋಗಿದೀರ" ಎಂದು ನಕ್ಕಳು. ಸೋಮವಾರ ತೋಟದ ಕೆಲಸಕ್ಕೇ ಹೋದಳು.

ಸಿಸ್ಟರಿಗೆ ಉತ್ತರ ಹೇಳಬೇಕಿದ್ದ ಆ ಸೋಮವಾರದ ಬೆಳಗನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಫೋನಿನಲ್ಲಿ ಆನೆಗಳು ಹೊಳೆಯಾಚೆ ಇದ್ದವು. ಗಂಡ ಜೀಪಿನ ಕೀಲಿ ಮೇಜಿನ ಮೇಲಿಟ್ಟುಕೊಂಡೇ ತಿಂಡಿ ತಿನ್ನುತ್ತಿದ್ದರು. "ಏನ್ ಮಾಡ್ತೀಯ? ನಿನ್ನಿಷ್ಟ" ಎಂದರು. ಒಲೆಯ ಮುಂದಿನಿಂದ ಅತ್ತೆ, "ಹೋಗೋದಾದ್ರೆ ಹೇಳವ್ವ, ಡಬ್ಬಿಗೆ ಇನ್ನೆರಡು ರೊಟ್ಟಿ ತಟ್ತೀನಿ" ಎಂದರು. ಯಾರೂ ಬೇಡ ಎನ್ನಲಿಲ್ಲ. ಗೇಟು ತೆರೆದೇ ಇತ್ತು. ನಾನು, ಮಳೆ ಬರೋ ಹಾಗಿದೆ, ಮೊದಲು ಕುಂಡ ಒಳಗಿಡ್ತೀನಿ ಎಂದು ಹೊರಗೆ ಬಂದೆ.

ಎಂಟು ಕುಂಡ ಎಳೆದೆ. ಗೇಟಿನ ಕಡೆಯ ಒಂಬತ್ತನೆಯದು ಅಲ್ಲಾಡಲಿಲ್ಲ. ಅದನ್ನು ತಿಂಗಳುಗಳಿಂದ ತಿರುಗಿಸಲು ಆಗದೆ, ಭಾರ ಎಂದುಕೊಂಡು ಬಿಟ್ಟಿದ್ದೆ. ಬಗ್ಗಿ ನೋಡಿದರೆ ಬೇರು ತೂತಿನಿಂದಿಳಿದು, ಕಣದ ಬಿರುಕಿನಲ್ಲಿ ಮಣ್ಣು ಹಿಡಿದಿತ್ತು. ಕತ್ತರಿಸಬೇಕು, ಇಲ್ಲ ಅಲ್ಲೇ ಬಿಡಬೇಕು. ಅದರ ಪಕ್ಕದಲ್ಲೇ ಕೂತು ಸಿಸ್ಟರಿಗೆ ಫೋನ್ ಮಾಡಿದೆ.

"ಮುಂದಿನ ವರ್ಷ ನೋಡೋಣ ಸಿಸ್ಟರ್."

ಧ್ವನಿ ನನ್ನದು, ಮಾತು ನನ್ನ ಗಂಡನದು. ಆಚೆ ಕಡೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಸಿಸ್ಟರ್, "ಮುಂದಿನ ವರ್ಷ ಜಾಗ ಇರ್ತದೆ ಅಂತ ನಾನು ಹೇಳುವುದಿಲ್ಲ" ಎಂದರು. ಆಮೇಲೆ, "ಗಿಡ ಹೇಗುಂಟು?" ಎಂದು ಕೇಳಿದರು.

"ಚಿಗುರೆಲ್ಲ ಮುರಿದುಹೋಗಿದೆ."

"ಮುರಿದಲ್ಲಿ ಎರಡೆರಡು ಬರ್ತದೆ. ಗಿಡದ್ದು ಹೆದರಬೇಡ."

ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದಿದ್ದಲ್ಲಿ ಎರಡು ಕವಲೊಡೆದು, ಎಂದೂ ಇಲ್ಲದಷ್ಟು ಹೂ. ಒಂಬತ್ತನೆಯ ಕುಂಡದ ಬೇರು ನಾನು ಕತ್ತರಿಸಲಿಲ್ಲ. ತಿರುಗಿಸದೆ ಬಿಟ್ಟದ್ದರಿಂದ ಅದರ ಹೂವೆಲ್ಲ ಒಂದೇ ಕಡೆಗಿವೆ. ಬಂದವರು ಇದು ಏನು ಗಿಡ ಎಂದು ಕೇಳಿದರೆ ಈಗ ನಾನು "ಕಳ್ಳಿ, ಹಾಲು ಮುಟ್ಟಬೇಡಿ" ಎನ್ನುತ್ತೇನೆ. ಅತ್ತೆಯೇ, "ಅಂಥಾ ಕಳ್ಳಿ ಅಲ್ಲ, ನನ್ ಸೊಸೆ ಸಾಕಿರೋದು" ಎಂದು ಸೇರಿಸುತ್ತಾರೆ.

ಈ ವರ್ಷ ಮತ್ತೆ ಮೇ ಬಂದಿದೆ. ಫೋನ್ ಬಂದಿಲ್ಲ. ನಾನೂ ಮಾಡಿಲ್ಲ. ಮೊನ್ನೆ ಲೈನಿನ ಆಕೆ ಕಣ ಗುಡಿಸುತ್ತ ಕುಂಡಗಳ ಬಳಿ ನಿಂತು, "ಹೆಂಗೆ, ನಾನು ಚಿಗುರು ತೆಗ್ದಿದ್ಕೇ ಇಷ್ಟು ಹೂವ" ಎಂದಳು. ಹೌದು ಎಂದೆ.

"ಈ ವರ್ಸ ಇಸ್ಕೂಲಿಗೆ ಹೋಗಲ್ವಾ ಅಮ್ಮ?"

"ಹೇಗೆ ಹೋಗೋದು, ಆನೆ ಇದೆಯಲ್ಲ."

ಆಕೆ ಪೊರಕೆಯನ್ನು ಅಂಗೈಗೆ ಕುಟ್ಟಿ ನೇರ ಮಾಡಿಕೊಂಡಳು. "ಆನೆ ಹೊಳೆ ಆಚೆಗೋಗಿ ಎಂಟು ದಿನಾತು ಕಣಮ್ಮ" ಎಂದು ಹೇಳಿ, ನನ್ನ ಕಡೆ ನೋಡದೆ, ಗುಡಿಸುತ್ತ ಗೇಟಿನ ಕಡೆಗೆ ಹೋದಳು.