ಡಾಲ್ಫಿನ್ ಏನು ತಿಂದಿತು? ಕಲ್ಲಕ್ಕನನ್ನು ಕೇಳಿ

ಬೆಳಗಿನ ಆರು ಗಂಟೆ. ಬಂದರಿನ ಹಿಂಬದಿಯ ಕಡಲಜೀವಿ ಸಂಶೋಧನಾ ಕೇಂದ್ರದಲ್ಲಿ ಇನ್ನೂ ಯಾರ ಸುಳಿವೂ ಇಲ್ಲ. ಅಂಗಳದ ಮೂಲೆಯ ತಗಡಿನ ಶೆಡ್ಡಿನಲ್ಲಿ ಮಾತ್ರ ನಲ್ಲಿ ನೀರು ಸುರಿಯುತ್ತಿದೆ. ಮೊಣಕಾಲುದ್ದದ ಗಂಬೂಟು, ರಬ್ಬರಿನ ಏಪ್ರನ್ ತೊಟ್ಟ ಹೆಂಗಸೊಬ್ಬರು ಒಂದರ ಮೇಲೊಂದಿಟ್ಟ ಮೂರು ಜರಡಿಗಳಿಗೆ ಬಕೆಟ್ಟಿನಿಂದ ಏನನ್ನೋ ಮಗ್ಗಿನಲ್ಲಿ ಮೊಗೆದು ಸುರಿಯುತ್ತಿದ್ದಾರೆ. ಮೊನ್ನೆ ಸತ್ತು ದಡಕ್ಕೆ ಬಂದು ಬಿದ್ದ ಡಾಲ್ಫಿನ್ನಿನ ಹೊಟ್ಟೆಯಲ್ಲಿದ್ದದ್ದೆಲ್ಲ ಆ ಬಕೆಟ್ಟಿನಲ್ಲಿದೆ. ವಾಸನೆಯ ವರ್ಣನೆ ಬೇಡ, ನಿಮ್ಮಲ್ಲಿ ಕೆಲವರು ತಿಂಡಿ ತಿನ್ನುತ್ತ ಇದನ್ನು ಓದುತ್ತಿರಬಹುದು.

ನಾನು ಕರವಸ್ತ್ರ ಮೂಗಿಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತದ್ದನ್ನು ನೋಡಿ ಅವರಿಗೆ ನಗು. ಏಪ್ರನ್ನಿನ ಜೇಬಿನಿಂದ ನೋವಿನ ಬಾಮಿನ ಪುಟ್ಟ ಡಬ್ಬಿ ತೆಗೆದು ಚಾಚುತ್ತಾರೆ. "ಮೂಗಿನ ಕೆಳಗೆ ಹಚ್ಕೊಳ್ಳಿ ಸಾರ್. ಹತ್ತು ನಿಮಿಷ ಕಷ್ಟ. ಆಮೇಲೆ ನಿಮಗೇನೂ ಗೊತ್ತಾಗಲ್ಲ. ಮನೆಗೆ ಹೋದ್ಮೇಲೆ ಮನೆಯವರಿಗೆ ಗೊತ್ತಾಗುತ್ತೆ, ಅಷ್ಟೆ."

ಇವರು ಕಲ್ಲಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆಯಂತೆ, ಆದರೆ ಕೇಂದ್ರದ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದನ್ನು ಇನ್ನೆಲ್ಲೂ ಬಳಸಿದವರಿಲ್ಲ. ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವರು ಕಲ್ಲಕ್ಕನೇ. ಕಡಲಿನಲ್ಲಿ ಸ್ವಚ್ಛಂದವಾಗಿ ತಿರುಗುವ ಡಾಲ್ಫಿನ್‌ಗಳು ಏನು ತಿನ್ನುತ್ತವೆ ಎಂದು ಹೇಳುವುದು ಅವರ ಕೆಲಸ. ಡಾಲ್ಫಿನ್ನನ್ನು ಕೇಳಿದರೆ ಅದು ಬಾಯಿಬಿಡುವುದಿಲ್ಲ. ಹಾಗಾಗಿ ಕಲ್ಲಕ್ಕ ಕಲ್ಲುಗಳನ್ನು ಕೇಳುತ್ತಾರೆ.

ಮೀನಿನ ತಲೆಯೊಳಗೆ ಕಿವಿಯ ಜಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಬಿಳಿಯ ಪುಟ್ಟ ಕಲ್ಲು ಇರುತ್ತದೆ. ಡಾಲ್ಫಿನ್ನಿನ ಹೊಟ್ಟೆಯಲ್ಲಿ ಮೀನಿನ ಮಾಂಸ ಬೇಗನೆ ಕರಗುತ್ತದೆ, ಮುಳ್ಳೂ ಮೆತ್ತಗಾಗುತ್ತದೆ, ಈ ಕಿವಿಕಲ್ಲು ಮಾತ್ರ ಒಂದಷ್ಟು ಹೊತ್ತು ಉಳಿಯುತ್ತದೆ. ಒಂದೊಂದು ಜಾತಿಯ ಮೀನಿಗೆ ಒಂದೊಂದು ಆಕಾರದ ಕಲ್ಲು. ಕಲ್ಲನ್ನು ಗುರುತಿಸಿದರೆ ಮೀನು ಯಾವುದೆಂದು ತಿಳಿಯಿತು, ಅಳೆದರೆ ಮೀನು ಎಷ್ಟುದ್ದ ಇತ್ತೆಂದೂ ತಿಳಿಯಿತು. ಸಾಸಿವೆಯಷ್ಟು ಸಣ್ಣದರಿಂದ ಹುಣಸೆಬೀಜದಷ್ಟು ದೊಡ್ಡದರವರೆಗೆ ಜರಡಿಯಲ್ಲಿ ಸಿಕ್ಕ ಕಲ್ಲುಗಳನ್ನೆಲ್ಲ ಅವರು ಚಿಮಟದಲ್ಲಿ ಎತ್ತಿ ಕಪ್ಪು ಬಟ್ಟೆಯ ಮೇಲೆ ಸಾಲಾಗಿ ಹರಡುತ್ತಾರೆ.

ಒಂದು ಹೊಟ್ಟೆಗೆ ಸರಾಸರಿ ಅರವತ್ತು ಕಲ್ಲು. ತೊಳೆದು, ಗುರುತಿಸಿ, ಅಳೆದು ಮುಗಿಸಲು ಏಳೆಂಟು ದಿನ. ಹನ್ನೊಂದು ವರ್ಷದಲ್ಲಿ ಅರವತ್ತಮೂರು ಡಾಲ್ಫಿನ್‌ಗಳ ಹೊಟ್ಟೆ. ಗೋಡೆಯ ಕಪಾಟಿನಲ್ಲಿ ನೂರ ಎಂಬತ್ತಾರು ಜಾತಿಯ ಮೀನುಗಳ ಮಾದರಿ ಕಲ್ಲುಗಳು ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಕೂತಿವೆ. ಪ್ರತಿ ಡಬ್ಬಿಯ ಚೀಟಿಯಲ್ಲೂ ಮೀನಿನ ಹೆಸರು, ಉದ್ದ, ತಾರೀಖು, ಕೊನೆಗೆ 'ತಂದವರು' ಎಂಬ ಸಾಲು. ಆ ಸಾಲಿನಲ್ಲಿ ಅತಿ ಹೆಚ್ಚು ಸಲ ಇರುವುದು ಒಂದೇ ಪದ: ಅಣ್ಣ. ಈ ಅಣ್ಣನ ವಿಷಯಕ್ಕೆ ಆಮೇಲೆ ಬರೋಣ, ಯಾಕೆಂದರೆ ಕಥೆಯೆಲ್ಲ ಅಲ್ಲೇ ಇದೆ.

ಕಲ್ಲಕ್ಕ ಓದಿದ್ದು ಏಳನೇ ತರಗತಿ. ಕೇಂದ್ರಕ್ಕೆ ಬರುವ ಮುಂಚೆ ಹದಿನಾಲ್ಕು ವರ್ಷ ಮೀನು ಮಾರುಕಟ್ಟೆಯಲ್ಲಿ ಮೀನು ಕತ್ತರಿಸಿಕೊಡುತ್ತಿದ್ದರು. ಒಂದು ದಿನ ಕತ್ತಿ ಜಾರಿ ಎಡಗೈಯ ಎರಡು ಬೆರಳಿನ ನರ ತುಂಡಾಯಿತು. ಬೆರಳು ಉಳಿಯಿತು, ಸ್ಪರ್ಶ ಹೋಯಿತು. ಕೈ ನಿಧಾನವಾದ ಮೇಲೆ ಗಿರಾಕಿಗಳು ಪಕ್ಕದ ಕಟ್ಟೆಗೆ ಸರಿದರು. ಕೊನೆಗೆ ಉಳಿದ ಖಾಯಂ ಗಿರಾಕಿ ಒಬ್ಬರೇ, ದಿನವೂ ಬಂದು ಬರೀ ಮೀನಿನ ತಲೆಗಳನ್ನು ಒಯ್ಯುತ್ತಿದ್ದ ಕನ್ನಡಕದ ಹುಡುಗಿ.

"ನನಗೆ ಪಾಪ ಅನ್ನಿಸ್ತು ಸಾರ್. ತಿನ್ನೋಕೆ ಗತಿಯಿಲ್ಲ ಅಂದ್ಕೊಂಡು ಒಂದಿನ ಎರಡು ತುಂಡು ಮೀನೂ ಜೊತೆಗೆ ಹಾಕ್ಕೊಟ್ಟೆ. ನೋಡಿದ್ರೆ ಅವರು ಡಾಕ್ಟರಮ್ಮ!"

ಡಾಕ್ಟರಮ್ಮ ಎಂದರೆ ಡಾಲ್ಫಿನ್‌ಗಳ ಆಹಾರದ ಮೇಲೆ ಅಧ್ಯಯನ ನಡೆಸುತ್ತಿರುವ ವಿಜ್ಞಾನಿ. ಅಂದು ಅವರು ನಾಚಿಕೊಂಡು ಚೀಲದಿಂದ ಹದಿನೈದು ಕಿವಿಕಲ್ಲು ತೆಗೆದು ತೋರಿಸಿದರಂತೆ. ಕಲ್ಲಕ್ಕ ಕಟ್ಟೆಯ ಮೇಲೆ ಅವನ್ನು ಬೆರಳಲ್ಲಿ ಸರಿಸುತ್ತ ಹನ್ನೆರಡಕ್ಕೆ ಪಟಪಟನೆ ಮೀನಿನ ಹೆಸರು ಹೇಳಿದರು. ಉಳಿದ ಮೂರು? "ಆ ಮೀನು ನಮ್ಮ ಮಾರುಕಟ್ಟೆಗೆ ಬರಲ್ಲ, ನನಗೇನು ಗೊತ್ತು!" ಮರುವಾರವೇ ಅವರು ಕೇಂದ್ರದ ಸಹಾಯಕಿ.

ಆರಂಭದಲ್ಲಿ ಎಡವಟ್ಟುಗಳಿಗೇನೂ ಕೊರತೆಯಿರಲಿಲ್ಲ. ಒಂದು ಮೀನಿಗೆ ಎರಡು ಕಲ್ಲು ಎಂಬುದನ್ನು ಮರೆತು ಮೊದಲ ತಿಂಗಳು ಕಲ್ಲಿಗೊಂದು ಮೀನು ಬರೆದುಬಿಟ್ಟರು. "ಆ ತಿಂಗಳು ನಮ್ಮ ಡಾಲ್ಫಿನ್‌ಗಳೆಲ್ಲ ಮದುವೆ ಮನೇಲಿ ಊಟ ಮಾಡಿದ ಹಾಗೆ ಮಾಡಿದ್ವು" ಎಂದು ನಗುತ್ತಾರೆ. ಎಲ್ಲಕ್ಕಿಂತ ದೊಡ್ಡ ಕಷ್ಟ ಬಸ್ಸಿನದು. ಎಷ್ಟೇ ಸೋಪು ಹಾಕಿ ತಿಕ್ಕಿದರೂ ಅವರ ಪಕ್ಕದ ಸೀಟು ಖಾಲಿಯೇ. "ಮೊದಮೊದಲು ಕಣ್ಣಲ್ಲಿ ನೀರು ಬರೋದು. ಈಗ ಆರಾಮಾಗಿ ಚೀಲ ಇಟ್ಕೊಂಡು ಕೂತ್ಕೋತೀನಿ. ಇಡೀ ಬಸ್ಸಲ್ಲಿ ಎರಡು ಸೀಟು ಇರೋದು ನನಗೊಬ್ಬಳಿಗೇ."

ಮನೆಯಲ್ಲಿ ಗಂಡ, ಅತ್ತೆ. ಗಂಡ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾರೆ. ಅತ್ತೆಗೆ ಸೊಸೆಯ ಉದ್ಯೋಗ ಇಂದಿಗೂ ಅರ್ಥವಾಗಿಲ್ಲ. ಮೀನಿನೂಟವಾದ ದಿನ ತಟ್ಟೆಯಲ್ಲುಳಿದ ತಲೆಗಳನ್ನು ಯಾರೂ ಎಸೆಯುವಂತಿಲ್ಲ, ಕಲ್ಲಕ್ಕ ಅವನ್ನು ಬಿಡಿಸಿ ಕಲ್ಲು ತೆಗೆದು ಬಸಿಯಲ್ಲಿ ಒಣಗಿಸುತ್ತಾರೆ. "ಬೇರೆ ಮನೆಗಳಲ್ಲಿ ಸೊಸೆಯಂದಿರು ಕಿವಿಗೆ ಓಲೆ ತಂದ್ರು. ನಮ್ಮನೆಯವಳು ಮೀನಿನ ಕಿವಿಕಲ್ಲು ತಂದಿಟ್ಳು" ಎಂದು ಅತ್ತೆ ಮೂಗು ಮುರಿಯುತ್ತಾರೆ. ಕಳೆದ ವರ್ಷ ಕೇಂದ್ರದ ದೊಡ್ಡ ಗಂಡಾಂತರ ತಪ್ಪಿದ್ದು ಈ ಅತ್ತೆಯಿಂದಲೇ.

ಮಾರುಕಟ್ಟೆಯಲ್ಲಿ 'ದೊರೆ' ಎಂದು ಕರೆಸಿಕೊಳ್ಳುವ ದುಬಾರಿ ಮೀನು ಎರಡು ವರ್ಷದಿಂದ ಬಲೆಗೆ ಬೀಳುವುದು ಕಮ್ಮಿಯಾಗಿತ್ತು. ದೋಣಿಯವರ ಗುಮಾನಿ ಡಾಲ್ಫಿನ್‌ಗಳ ಮೇಲೆ. ಅಳಿವೆಯ ಬಾಯಲ್ಲಿ ನೀರಿನಡಿ ಕಿವಿ ಕಿವುಡಾಗುವಂಥ ಸದ್ದಿನ ಯಂತ್ರಗಳನ್ನಿಟ್ಟು ಅವನ್ನು ಶಾಶ್ವತವಾಗಿ ಓಡಿಸಬೇಕೆಂದು ದೋಣಿ ಮಾಲೀಕರ ಸಂಘ ಪಟ್ಟು ಹಿಡಿಯಿತು. ಸದ್ದಿಗೆ ತಾಯಿಯೂ ಮರಿಯೂ ದಿಕ್ಕು ತಪ್ಪಿ ಬೇರೆಯಾಗುತ್ತವೆ ಎಂಬುದು ಡಾಕ್ಟರಮ್ಮನ ಆತಂಕ. ಡಾಲ್ಫಿನ್ ನಿಜಕ್ಕೂ ಏನು ತಿನ್ನುತ್ತದೆಂದು ನೋಡಿ ತೀರ್ಮಾನಿಸುವುದಾಗಿ ಬಂದರು ಸಮಿತಿ ಹೇಳಿತು. ಎಲ್ಲರ ಕಣ್ಣೂ ಕಲ್ಲಕ್ಕನ ಕಪ್ಪು ಬಟ್ಟೆಯ ಮೇಲೆ ಬಿತ್ತು.

ದೋಣಿ ಮಾಲೀಕರ ಸಂಘದ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಕಲ್ಲಕ್ಕನ ಸ್ವಂತ ಅಣ್ಣ. ಅಪ್ಪ ತೀರಿಕೊಂಡಾಗ ತಂಗಿಯನ್ನು ಸಾಕಿದವರು, ಬೆರಳು ಕತ್ತರಿಸಿದ ದಿನ ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು. ಹನ್ನೊಂದು ವರ್ಷದಿಂದ ದಿನವೂ ಬೆಳಗ್ಗೆ ಬಗೆಬಗೆಯ ಮೀನಿನ ತಲೆಗಳ ಚೀಲವನ್ನು ಕೇಂದ್ರದ ಗೇಟಿಗೆ ನೇತುಹಾಕಿ ಹೋಗುತ್ತಿದ್ದವರೂ ಅವರೇ.

ಒಂಬತ್ತು ಹೊಟ್ಟೆಗಳ ಕಲ್ಲು ಎಣಿಸಿದಾಗ ದೊರೆ ಮೀನಿನದೆಂದು ಕಲ್ಲಕ್ಕ ಬರೆದದ್ದು ಮುನ್ನೂರ ಹನ್ನೆರಡು, ಅರ್ಧಕ್ಕಿಂತ ಹೆಚ್ಚು. ಅಣ್ಣ ಹೇಳಿದ್ದೇ ನಿಜವಾಯಿತು. ಡಾಕ್ಟರಮ್ಮ ವರದಿಗೆ ಸಹಿ ಹಾಕಿದರು. ಸೋಮವಾರ ಸಮಿತಿಯ ಸಭೆ. ಅಣ್ಣ ತಂಗಿಯ ಮನೆಗೆ ಬಂದು ತಲೆ ನೇವರಿಸಿ ಹೋದರು.

ಶುಕ್ರವಾರ ಬೆಳಗ್ಗೆ ಕಲ್ಲಕ್ಕ ಅಡುಗೆಮನೆಗೆ ಹೋದರೆ ಕಲ್ಲು ಒಣಗಿಸುವ ಬಸಿಯಲ್ಲಿ ಅತ್ತೆ ಹಿಂಡಿ ಹಾಕಿದ ನಿಂಬೆಹೋಳುಗಳು. ಹಿಂದಿನ ದಿನ ಅಣ್ಣನ ಚೀಲದಲ್ಲಿ ಬಂದಿದ್ದ ತಲೆಗಳನ್ನು ಮನೆಗೆ ತಂದು ತೆಗೆದಿಟ್ಟಿದ್ದ 'ಗರಗಸ' ಎಂಬ ಮೀನಿನ ಕಲ್ಲುಗಳೆಲ್ಲ ಹುಳಿರಸದಲ್ಲಿ ಮುಳುಗಿದ್ದವು. ಗರಗಸವೆಂದರೆ ಮೈತುಂಬ ಮುಳ್ಳಿನ, ಯಾರೂ ಕೊಳ್ಳದ, ದೋಣಿಯವರು ಮತ್ತೆ ನೀರಿಗೇ ಎಸೆಯುವ ಮೀನು. ಅದರ ಕಿವಿಕಲ್ಲಿನ ಅಂಚಿಗೂ ಸಣ್ಣ ಹಲ್ಲುಗಳಿರುತ್ತವೆ. ದೊರೆಯ ಕಲ್ಲಿನ ಅಂಚು ನುಣುಪು. ಎರಡನ್ನೂ ಬೇರೆ ಮಾಡುವುದು ಆ ಅಂಚಿನಿಂದಲೇ.

"ಅತ್ತೆ ಮೇಲೆ ರೇಗೋಣ ಅಂತ ಬಸಿ ಎತ್ತಿದೆ ಸಾರ್. ಹಲ್ಲು ಒಂದೂ ಇಲ್ಲ! ನುಣ್ಣಗೆ ದೊರೆ ಕಲ್ಲಿನ ಹಾಗೇ ಇವೆ. ನಿಂಬೆ ಹುಳಿಗೇ ಹಿಂಗಾದ್ರೆ ಡಾಲ್ಫಿನ್ ಹೊಟ್ಟೆ ಹುಳಿಗೆ ಏನಾಗಿರಬೇಡ?"

ಅಂಚು ಸವೆದರೂ ಕಲ್ಲಿನ ನಡುವೆ ಇರುವ ಗೆರೆ ಅಷ್ಟು ಬೇಗ ಸವೆಯುವುದಿಲ್ಲ. ದೊರೆಯಲ್ಲಿ ಆ ಗೆರೆ ನೇರ, ಗರಗಸದಲ್ಲಿ ತುದಿ ಕುಡುಗೋಲಿನಂತೆ ಬಾಗಿರುತ್ತದೆ. ಆದರೆ ಅದು ಕಾಣಬೇಕಾದರೆ ಒಂದೊಂದೇ ಕಲ್ಲನ್ನು ದೀಪಕ್ಕೆ ಓರೆಯಾಗಿ ಹಿಡಿಯಬೇಕು. ಇಷ್ಟು ವರ್ಷ ಅಂಚು ನೋಡಿಯೇ ಹೇಳಿ ಅಭ್ಯಾಸವಾದ ಕಲ್ಲಕ್ಕ ಅಂದು ಬೆಳಗಿನಿಂದ ಸಂಜೆಯವರೆಗೆ ಕಣ್ಣಲ್ಲಿ ಕಣ್ಣಿಟ್ಟು ಮುನ್ನೂರ ಹನ್ನೆರಡನ್ನೂ ಓರೆ ಹಿಡಿದು ನೋಡಿದರು. ಇನ್ನೂರ ಎಪ್ಪತ್ತೊಂದು ಕಲ್ಲಿನಲ್ಲಿ ಗೆರೆ ಬಾಗಿತ್ತು.

ಬಾಯಿ ಮುಚ್ಚಿಕೊಂಡು ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಣ್ಣನ ಮಾತು ಉಳಿಯುತ್ತಿತ್ತು, ಕಲ್ಲಕ್ಕನ ಕೆಲಸದ ಮೇಲಿನ ನಂಬಿಕೆಯೂ ಉಳಿಯುತ್ತಿತ್ತು. ಆ ಯೋಚನೆ ಬರಲಿಲ್ಲವೇ ಎಂದು ಕೇಳಿದೆ. ಕಲ್ಲಕ್ಕ ನಲ್ಲಿ ನಿಲ್ಲಿಸುತ್ತಾರೆ. "ಬಂತು ಸಾರ್, ಬರದೇ ಇರುತ್ತಾ? ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಆದ್ರೆ ಕಲ್ಲು ಸುಳ್ಳು ಹೇಳಿರಲಿಲ್ವಲ್ಲ, ನಾನು ಸರಿಯಾಗಿ ಕೇಳಿರಲಿಲ್ಲ."

ಮೊದಲು ಡಾಕ್ಟರಮ್ಮನಿಗೆ ಹೇಳಿದರು. ಡಾಕ್ಟರಮ್ಮ ತಾವೂ ಕೂತು ಪ್ರತಿ ಕಲ್ಲನ್ನೂ ನೋಡಿದರು. ಅದೇ ಲೆಕ್ಕ ಬಂತು. ಭಾನುವಾರ ಬೆಳಗ್ಗೆ ಕಲ್ಲಕ್ಕ ಅಣ್ಣನ ಮನೆಗೆ ಹೋಗಿ ನಿಂಬೆರಸದ ಕಥೆಯನ್ನೆಲ್ಲ ಹೇಳಿದರು. ಸಭೆಯಲ್ಲಿ ಬೇರೆಯವರ ಬಾಯಿಂದ ಅವರಿಗೆ ತಿಳಿಯಬಾರದು ಎಂಬುದಷ್ಟೇ ಇವರ ಉದ್ದೇಶ. ಅಣ್ಣ ಕೇಳಿಸಿಕೊಂಡರು, ಎದ್ದು ಹೋಗಿ ಬಾಗಿಲು ತೆರೆದು ಹಿಡಿದರು. "ನಿನ್ನ ಡಾಲ್ಫಿನ್ ಹತ್ರಾನೇ ಹೋಗು" ಎಂದರು.

ಸೋಮವಾರದ ಸಭೆಯಲ್ಲಿ ಸದ್ದಿನ ಯಂತ್ರದ ಪ್ರಸ್ತಾಪ ಬಿದ್ದುಹೋಯಿತು. ಮಂಗಳವಾರ ಬೆಳಗ್ಗೆ ಕೇಂದ್ರದ ಗೇಟಿನಲ್ಲಿ ಚೀಲ ಇರಲಿಲ್ಲ. ಬುಧವಾರವೂ ಇಲ್ಲ. ಹೀಗೇ ಎರಡು ತಿಂಗಳು. ಆ ಎರಡು ತಿಂಗಳ ಡಬ್ಬಿಗಳ ಚೀಟಿಯಲ್ಲಿ 'ತಂದವರು' ಎಂಬಲ್ಲಿ ಮಾರುಕಟ್ಟೆ ಎಂದಿದೆ. ಆ ಚೀಟಿಗಳನ್ನು ತೋರಿಸುವಾಗ ಮಾತ್ರ ಕಲ್ಲಕ್ಕನ ಮುಖದಲ್ಲಿ ನಗು ಇರಲಿಲ್ಲ.

ಆಮೇಲೆ ನಡೆದದ್ದನ್ನು ಅತ್ತಿಗೆಯೇ ಬಂದು ಹೇಳಿದರಂತೆ. ತಂಗಿಯ ಮಾತು ಸುಳ್ಳೆಂದು ತೋರಿಸಿಯೇ ತೀರುವ ಹಟಕ್ಕೆ ಬಿದ್ದ ಅಣ್ಣ ಮನೆಯ ನಿಂಬೆಹಣ್ಣನ್ನೆಲ್ಲ ಖಾಲಿ ಮಾಡಿದ್ದರು. ಗರಗಸದ ಹತ್ತು ತಲೆ ಒಡೆದು, ಕಲ್ಲು ತೆಗೆದು, ಬಟ್ಟಲಿನಲ್ಲಿ ರಸ ಹಿಂಡಿ ಮುಳುಗಿಸಿ, ಮರುದಿನ ಕನ್ನಡಕ ಹಾಕಿಕೊಂಡು ನೋಡಿದ್ದರು. ಸಾಲದೆಂದು ಮತ್ತೆ ಇನ್ನೊಂದು ಬಟ್ಟಲು. ಮೂರನೆಯ ಬಟ್ಟಲಾದ ಮೇಲೆ ಅತ್ತಿಗೆ, "ಇನ್ನು ನಿಂಬೆಹಣ್ಣಿಗೆ ನನ್ನ ಕೇಳ್ಬೇಡಿ, ತಂಗಿ ಹತ್ರ ಹೋಗಿ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು.

ಮರುದಿನ ಗೇಟಿನಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಮೀನಿನ ತಲೆ. ಇನ್ನೊಂದರಲ್ಲಿ ಒಂದು ಡಜನ್ ನಿಂಬೆಹಣ್ಣು.

ಡಾಲ್ಫಿನ್ ದೊರೆ ಮೀನನ್ನು ತಿನ್ನುವುದೇ ಇಲ್ಲವೇ? "ತಿನ್ನಲ್ಲ ಅಂತ ನಾನ್ಯಾವತ್ತೂ ಹೇಳಿಲ್ಲ. ನಲವತ್ತೊಂದು ಕಲ್ಲು ದೊರೇದೇ. ಸಿಕ್ಕಾಗ ಬಿಡ್ತಾವಾ? ಆದ್ರೆ ಹೊಟ್ಟೆ ತುಂಬಿಸ್ಕೊಳ್ಳೋದು ನಾವು ಬೇಡ ಅಂತ ಎಸೆಯೋ ಮೀನಿಂದ." ಹಾಗಾದರೆ ದೊರೆ ಮೀನು ಎಲ್ಲಿ ಹೋಯಿತು? ಅದು ಗೊತ್ತಿಲ್ಲ. ಹುಡುಕುವ ಕೆಲಸ ಈಗ ಶುರುವಾಗಿದೆ, ತಮ್ಮ ಬಲೆಗೆ ಯಾವ ದಿನ ಎಲ್ಲಿ ಎಷ್ಟು ಬಿತ್ತೆಂದು ಡಾಕ್ಟರಮ್ಮನಿಗೆ ಬರೆದುಕೊಡುವವರಲ್ಲಿ ಅಣ್ಣನೇ ಮೊದಲಿಗರು.

ಕಲ್ಲಕ್ಕನ ಮೇಜಿನ ಗಾಜಿನಡಿ ಅಂಗೈಯಗಲದ ಒಂದು ಮುದ್ರಿತ ಚೀಟಿಯಿದೆ. ಅಂದಿನ ವರದಿಗೆ ಅಂಟಿಸಿದ ತಿದ್ದುಪಡಿ. ಕಲ್ಲು ಗುರುತಿಸಿದ ಸಹಾಯಕಿಯೇ ತಪ್ಪನ್ನು ಪತ್ತೆ ಹಚ್ಚಿ ಸರಿಪಡಿಸಿದ್ದಾರೆಂದು ಅದರಲ್ಲಿದೆ. ಹನ್ನೊಂದು ವರ್ಷಗಳಲ್ಲಿ ಕೇಂದ್ರದಿಂದ ಹೊರಬಿದ್ದ ಇಪ್ಪತ್ತು ಚಿಲ್ಲರೆ ವರದಿಗಳಲ್ಲಿ ಅವರ ಪ್ರಸ್ತಾಪ ಬಂದಿರುವುದು ಇದೊಂದೇ ಕಡೆ. ನನಗೆ ಇದು ಅನ್ಯಾಯವೆನಿಸಿತು, ಹೇಳಿಯೂಬಿಟ್ಟೆ. ಅವರು ಗಾಜನ್ನು ಸೆರಗಿನಿಂದ ಒರೆಸುತ್ತಾರೆ. "ಬೇರೆಯವರ ಹೆಸರು ಕೆಲಸ ಸರಿಯಾಗಿ ಮಾಡಿದ್ದಕ್ಕೆ ಬರುತ್ತೆ ಸಾರ್. ನನ್ನ ವಿಷಯ ತಪ್ಪು ಒಪ್ಕೊಂಡಿದ್ದಕ್ಕೆ ಬಂತು. ಯಾವುದು ಕಷ್ಟ, ನೀವೇ ಹೇಳಿ."

ಹೊರಡುವ ಮುಂಚೆ ಒಂದು ಕೊನೆಯ ಪ್ರಶ್ನೆ ಕೇಳುತ್ತೇನೆ, ಏನಾದರೂ ಆಸೆ ಇದೆಯೇ ಎಂದು. ಅವರು ಯಾರೂ ಇಲ್ಲದ ಶೆಡ್ಡಿನಲ್ಲಿ ಆಚೀಚೆ ನೋಡಿ, ಗುಟ್ಟು ಬಿಟ್ಟುಕೊಡುತ್ತಾರೆ. ಅರವತ್ತಮೂರು ಡಾಲ್ಫಿನ್‌ಗಳ ಊಟ ಬಲ್ಲ ಈ ಹೆಂಗಸು ಜೀವಂತ ಡಾಲ್ಫಿನ್ ಊಟ ಮಾಡುವುದನ್ನು ಒಮ್ಮೆಯೂ ನೋಡಿಲ್ಲ! ದೋಣಿ ಹತ್ತಿದರೆ ಸಾಕು, ಹೊಟ್ಟೆ ತೊಳಸಿ ವಾಂತಿ. ಎರಡು ಸಲ ಹೋಗಿ ಎರಡು ಸಲವೂ ತಲೆಯೆತ್ತದೆ ವಾಪಸಾಗಿದ್ದಾರೆ.

"ಈ ಭಾನುವಾರ ಅಣ್ಣ ಕರ್ಕೊಂಡು ಹೋಗ್ತೀನಿ ಅಂದಿದಾನೆ" ಎನ್ನುತ್ತಾರೆ ಕಲ್ಲಕ್ಕ, ಜರಡಿಯನ್ನು ಮತ್ತೆ ನಲ್ಲಿಯ ಕೆಳಗೆ ಹಿಡಿಯುತ್ತ. "ವಾಂತಿ ಬರುತ್ತೆ ಕಣೋ ಅಂದೆ. ಪರವಾಗಿಲ್ಲ ಬಾ, ಮೂಗಿಗೆ ಹಿಡಿಯೋಕೆ ನಿಂಬೆಹಣ್ಣು ನಾನೇ ತರ್ತೀನಿ ಅಂದ."