ತೊಟ್ಟಿಲಲ್ಲಿ ಕುಳಿತ ಅವ್ವ

“ಅಯ್ಯ ಯವ್ವಾ, ಈ ತೊಟ್ಟಲದಾಗ ಕುಂತಾಕಿ ನೀನ ಅಲ್ಲೇನ?”

ಬೇವೂರಿನ ನನ್ನ ಗೆಳತಿಯ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ, ಅವಳ ವಯಸ್ಸಾದ ಅತ್ತೆ ಹೀಗೆ ಕೇಳಿದ್ದು ನನ್ನ ಅವ್ವನನ್ನು. ಎಂಬತ್ತರ ದಶಕದ ಮಾತು. ಹುನಗುಂದದಲ್ಲಿ ಬಡಿಗನಾಗಿದ್ದ ಅಪ್ಪ ತೀರಿಕೊಂಡು ವರ್ಷವಾಗಿತ್ತು. ಅಂದಿನಿಂದ ಯಾವ ಶುಭಕಾರ್ಯಕ್ಕೂ ಹೋಗದ ಅವ್ವನನ್ನು ನಾನೇ ಕಾಡಿಬೇಡಿ ಕರೆತಂದಿದ್ದೆ. ಬಾಗಿಲ ಮರೆಯಲ್ಲಿ ಕುಳಿತಿದ್ದ ಅವಳು ಈ ಮಾತಿಗೆ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅತ್ತೆ ಎಲ್ಲರಿಗೂ ಕೇಳುವಂತೆ ಹೇಳತೊಡಗಿದರು. ನಾನು ಹುಟ್ಟುವ ಮೊದಲು, ಅವರ ಹಿರಿಯ ಮೊಮ್ಮಗನಿಗೆಂದು ಈ ತೊಟ್ಟಿಲು ಮಾಡಿದ್ದು ನನ್ನಪ್ಪ. ತರಲು ಹೋದಾಗ, “ಕಟ್ಟಿಗಿ ಇಷ್ಟು ತೆಳ್ಳಗೈತಿ, ಕೂಸಿನ ಭಾರ ತಡೀತೈತೇನೋ ತಮ್ಮಾ?” ಎಂದು ಅನುಮಾನಪಟ್ಟರಂತೆ. ಅಪ್ಪ ಸೀದಾ ಒಳಗೆ ಹೋದನಂತೆ. ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ಹಿಟ್ಟಿನ ಕೈಯಲ್ಲೇ ಎತ್ತಿಕೊಂಡು ಬಂದು, ತೊಟ್ಟಿಲಲ್ಲಿ ಕೂರಿಸಿ ತೂಗಿಯೇ ಬಿಟ್ಟನಂತೆ!

“ತೂಗಿದ್ದಷ್ಟ ಅಲ್ರಿ, ಜೋಗುಳಾನೂ ಹಾಡಿದ್ರು,” ಎಂದಳು ಅವ್ವ, ಸೆರಗಿನೊಳಗಿಂದಲೇ.

ಮನೆಯೆಲ್ಲ ನಗೆಯಲ್ಲಿ ಮುಳುಗಿತು. ಅವ್ವನೂ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ವರ್ಷದಲ್ಲಿ ಅದೇ ಮೊದಲು. ಅತ್ತೆ ಅವಳ ಕೈಹಿಡಿದು ಎಬ್ಬಿಸಿ, “ಬಾ ಯವ್ವಾ, ಕೂಸಿನ್ನ ಮೊದಲ ನೀ ತೂಗು,” ಎಂದು ತೊಟ್ಟಿಲ ಬಳಿ ಕರೆದೊಯ್ದರು.

ಮರಳುವಾಗ ಬಸ್ಸು ಹುನಗುಂದ ಮುಟ್ಟುವವರೆಗೂ ಅವ್ವ ಅಪ್ಪನ ತುಂಟತನಗಳನ್ನೇ ಹೇಳಿದಳು. ಮೀಸೆ ನೆರೆತು ಮಾತು ಕಡಿಮೆಯಾದ ಅಪ್ಪನನ್ನಷ್ಟೇ ಕಂಡಿದ್ದ ನನಗೆ, ಹೆಂಡತಿಯನ್ನು ತೊಟ್ಟಿಲಲ್ಲಿ ತೂಗಿದ ಆ ಹರೆಯದ ಅಪ್ಪ ಅಂದು ಸಿಕ್ಕಿದ.