ತುಕ್ಕಿನ ತಲೆಗೆ ಕಟ್ಟಿದ ತಪ್ಪು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎತ್ತಿದ ಶಟರ್ ಕೆಳಗಿಂದ ಟಕ್ ಟಕ್ ಸದ್ದು ಬರುತ್ತಿದೆ. ಒಳಗೆ, ಐವತ್ತು ವರ್ಷ ಹಳೆಯ ಮೋಟಾರ್‌ಸೈಕಲ್ಲಿನ ಎಂಜಿನ್ ಮುಂದೆ ಕೂತ ಹೆಂಗಸೊಬ್ಬರು ಪುಟ್ಟ ಸುತ್ತಿಗೆಯಿಂದ ಒಂದೇ ಒಂದು ಸ್ಕ್ರೂವಿನ ತಲೆ ತಟ್ಟುತ್ತಿದ್ದಾರೆ. ನಿನ್ನೆ ಸಂಜೆಯೇ ಅದಕ್ಕೆ ಎಣ್ಣೆ ಕುಡಿಸಿದ್ದರು. ಈಗ ಕಾಯಿಸಿ, ಅಂಚಿಗೆ ಮೇಣದಬತ್ತಿ ತಾಗಿಸಿ, ಕರಗಿದ ಮೇಣ ಸಂದಿಗೆ ಇಳಿಯಲೆಂದು ಕಾಯುತ್ತಾರೆ. "ಮುನಿಸ್ಕೊಂಡಿರೋ ಮಗು ಇದ್ದ ಹಾಗೆ ಇದು. ಎಳೆದಾಡಿದ್ರೆ ಹಟ ಇನ್ನೂ ಜಾಸ್ತಿ," ಎನ್ನುತ್ತಾರೆ.

ಸುತ್ತಲಿನ ಮೆಕ್ಯಾನಿಕ್ಕುಗಳಿಗೆಲ್ಲ ಇವರು ‘ತುಕ್ಕಕ್ಕ’. ಹಳೇ ಗಾಡಿಗೆ ಮರುಜೀವ ಕೊಟ್ಟವರಿಗೆ ಬಣ್ಣದ ಹೆಸರಲ್ಲಿ, ಹೊಳಪಿನ ಹೆಸರಲ್ಲಿ ಶಹಬ್ಬಾಸ್‌ಗಿರಿ ಸಿಗುತ್ತದೆ. ತುಕ್ಕು ಕಚ್ಚಿದ ಸ್ಕ್ರೂಗಳನ್ನು ಮುರಿಯದೆ ಬಿಡಿಸಿ, ಆ ಗಾಡಿ ಬಿಚ್ಚಿಕೊಳ್ಳುವಂತೆ ಮಾಡಿದ ಕೈಯನ್ನು ಕೇಳುವವರೇ ಇಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಮೊದಮೊದಲು ಹೆಂಗಸಿನ ಕೈಗೆ ಎಂಜಿನ್ ಕೊಡಲು ಹಿಂದೆಮುಂದೆ ನೋಡಿದವರೇ ಈಗ ಬೆಳಗಾಗುವ ಮೊದಲು ಬಾಗಿಲಲ್ಲಿ ಇಳಿಸಿ ಹೋಗುತ್ತಾರೆ. ತಲೆಯ ಸ್ಕ್ರೂ ಸಡಿಲಾದವರನ್ನೂ ಕಳಿಸಲಾ ಎಂದು ಅವರ ತಮಾಷೆ. "ಸಡಿಲ ಆಗಿದ್ರೆ ನಾನ್ಯಾಕೆ ಬೇಕು? ನೀವೇ ಬಿಚ್ಕೊಳ್ಳಿ," ಎಂದು ಇವರ ಉತ್ತರ.

ಗೋಡೆಯಲ್ಲಿ ಮೂವತ್ತೆರಡು ಸ್ಕ್ರೂಡ್ರೈವರ್‌ಗಳಿವೆ. ಒಂದೊಂದರ ತುದಿಯನ್ನೂ ಒಂದೊಂದು ಗಾಡಿಗೆ ತಕ್ಕಂತೆ ತಾವೇ ಸಾಣೆ ಹಿಡಿದಿದ್ದಾರೆ. ದಿನಕ್ಕೆ ಬಿಡಿಸುವುದು ಮೂರು, ಹೆಚ್ಚೆಂದರೆ ನಾಲ್ಕು. ಬಲಗೈ ಮಣಿಕಟ್ಟು ಬಾತುಕೊಂಡ ದಿನ ಒಂದಾದರೂ ಆದರೆ ಪುಣ್ಯ. ಯಾವ ಸ್ಕ್ರೂ ಆದರೂ ಮೊದಲು ಕೂದಲೆಳೆಯಷ್ಟು ಆ ಕಡೆ, ಆಮೇಲೆ ಈ ಕಡೆ ತಿರುಗಿಸಿ ನೋಡುತ್ತಾರೆ. ಈ ಅಭ್ಯಾಸ ಎಲ್ಲಿ ಕಲಿತಿರಿ ಎಂದು ಕೇಳಿದರೆ ಸುತ್ತಿಗೆ ಕೆಳಗಿಡುತ್ತಾರೆ.

"ತಮ್ಮನ ಹತ್ರ," ಎನ್ನುತ್ತಾರೆ. "ಅವನು ಹೇಳ್ದಾಗ ಕೇಳ್ಲಿಲ್ಲ."

ಹನ್ನೊಂದು ವರ್ಷದ ಹಿಂದಿನ ಮಾತು. ತೀರಿಹೋದ ಅಪ್ಪನ ಮೋಟಾರ್‌ಸೈಕಲ್ಲನ್ನು ತಮ್ಮ ಇದೇ ಶೆಡ್ಡಿಗೆ ತಳ್ಳಿಕೊಂಡು ಬಂದಿದ್ದ. ಮತ್ತೆ ಓಡುವಂತೆ ಮಾಡಿಕೊಡು ಎಂದಿದ್ದ. ಎಲ್ಲ ಬಿಚ್ಚಿಕೊಂಡಿತು, ಎಣ್ಣೆ ಪಂಪಿನ ಪಕ್ಕ ತಿರುಗುವ ಶಾಫ್ಟಿನ ತುದಿಗೆ ಕೂತ ಒಂದು ಸ್ಕ್ರೂ ಬಿಟ್ಟು. ‘ಅಕ್ಕ, ಉಲ್ಟಾ ಕಡೆ ತಿರುಗಿಸಿ ನೋಡು’ ಎಂದು ತಮ್ಮ ಬಾಯಿಬಿಟ್ಟ. ನಾಲ್ಕು ಜನ ಮೆಕ್ಯಾನಿಕ್ಕುಗಳು ನಿಂತು ನೋಡುತ್ತಿದ್ದರು. ‘ನಂಗೇ ಹೇಳ್ಕೊಡ್ತೀಯಾ?’ ಎಂದು ಅಕ್ಕ ಹಿಡಿಕೆಗೆ ಪೈಪು ಸಿಕ್ಕಿಸಿ ಒತ್ತಿದರು. ಶಾಫ್ಟಿನ ತುದಿಯೇ ಮುರಿದು ಕೈಗೆ ಬಂತು.

"ಆಗ್ಲಾದ್ರೂ ಸುಮ್ನಿರಬೇಕಿತ್ತು. ಮಳೇಲಿ ನಿಲ್ಲಿಸಿ ನಿಲ್ಲಿಸಿ ನೀನೇ ತುಕ್ಕು ಹಿಡಿಸಿದ್ದು, ಅಪ್ಪನ ಗಾಡಿ ಹಾಳ್ಮಾಡಿದ್ದು ನೀನೇ ಅಂದ್ಬಿಟ್ಟೆ. ಅಷ್ಟು ಜನರ ಮುಂದೆ."

ತಮ್ಮ, ಬಿಚ್ಚಿಟ್ಟಿದ್ದನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು, ಗಾಡಿ ತಳ್ಳಿಕೊಂಡು ಹೋದ. ಬೆಂಚಿನ ಕೆಳಗೆ ಬಿದ್ದಿದ್ದ ಮುರಿದ ತುಂಡು ಮೂರು ದಿನದ ಮೇಲೆ ಸಿಕ್ಕಿತು. ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೆ ಒಳಗೆ ಚೂರೂ ತುಕ್ಕಿಲ್ಲ. ಅದು ಉಲ್ಟಾ ಥ್ರೆಡ್, ಅಂದರೆ ಬೇರೆ ಸ್ಕ್ರೂಗಳನ್ನು ಬಿಗಿಮಾಡುವ ಕಡೆಗೆ ತಿರುಗಿಸಿದರೆ ಮಾತ್ರ ಬಿಚ್ಚಿಕೊಳ್ಳುವಂಥದ್ದು. ಬಿಚ್ಚುತ್ತಿದ್ದೇನೆ ಎಂದುಕೊಂಡು ಅಕ್ಕ ಅಷ್ಟೂ ಹೊತ್ತು ಬಿಗಿ ಮಾಡಿದ್ದರು. ಆ ಮಾದರಿಯ ಗಾಡಿಯನ್ನು ಅದಕ್ಕೆ ಮೊದಲು ಬಿಚ್ಚಿಯೇ ಇರಲಿಲ್ಲ. ಆದರೂ ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ತಮ್ಮನ ಮನೆ ಇಲ್ಲಿಂದ ಎರಡು ಬೀದಿ ಆಚೆ. ಹೋಗಿ ಹೇಳಬಹುದಿತ್ತಲ್ಲ?

"ಎರಡು ಸಲ ಹೋದೆ. ಮೆಟ್ಟಿಲ ಕೆಳಗೆ ಗಾಡಿ ಬಟ್ಟೆ ಹೊದ್ಕೊಂಡು ನಿಂತಿತ್ತು. ಚೆನ್ನಾಗಿದ್ದೀಯಾ ಅಂದೆ, ಹ್ಞೂಂ ಅಂದ. ಅಷ್ಟೇ, ವಾಪಸ್ ಬಂದ್ಬಿಟ್ಟೆ. ಅವನು ಇವತ್ತಿಗೂ, ಅಪ್ಪನ ಗಾಡಿನ ನಾನೇ ಕೈಯಾರೆ ಕೊಂದೆ ಅಂತ ಹೇಳ್ಕೊಂಡು ಕೊರಗ್ತಾನಂತೆ. ಹನ್ನೊಂದು ವರ್ಷ ನೋಡಿ, ನನ್ನ ತಪ್ಪು ಅವನು ಹೊತ್ಕೊಂಡು ಓಡಾಡ್ತಿದ್ದಾನೆ."

ಫೋಟೋ ತೆಗೆಯೋಣ ಎಂದರೆ ತುಕ್ಕಕ್ಕ ಬೇಡವೆಂದು ಕೈ ಅಡ್ಡ ಹಿಡಿಯುತ್ತಾರೆ. ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ಬೇರೆ ಏನೂ ಬರೆಯದಿದ್ದರೂ ನಡೆದೀತು ಎನ್ನುತ್ತಾರೆ.

"ಭಾನುವಾರ ಅವನು ನಿಮ್ಮ ಪೇಪರ್ ಒಂದಕ್ಷರ ಬಿಡದೆ ಓದ್ತಾನೆ. ಇಷ್ಟು ಹಾಕಿ, ಸಾಕು. ಅದು ತುಕ್ಕಲ್ಲ ಕಣೋ. ನೀನು ಹೇಳಿದ್ದೇ ಸರಿ ಇತ್ತು."